ಓದೋರಿಲ್ಲದ ಮ್ಯಾಗಜಿನ್

ಪ್ರಾಜೆಕ್ಟ್ ಹೀಗಿರುತ್ತೆ: ಹೊಸದೊಂದು ಮ್ಯೂಸಿಕ್ ಮ್ಯಾಗಜಿನ್ ಡಿಸೈನ್ ಮಾಡಿ. ಒಂದು ಮುಖಪುಟ, ಒಂದು ಪರಿವಿಡಿ, ಎರಡು ಪುಟದ ಒಂದು ಲೇಖನ. ಬಿವಿಎ ಇರಲಿ, ಪತ್ರಿಕೋದ್ಯಮ ಇರಲಿ, ಆರು ತಿಂಗಳ ಮಲ್ಟಿಮೀಡಿಯಾ ಕೋರ್ಸ್ ಇರಲಿ, ಇದೋ ಇದರ ತಮ್ಮನೋ ಎಲ್ಲೋ ಒಂದು ಸೆಮಿಸ್ಟರಿನಲ್ಲಿ ಬಂದೇ ಬರುತ್ತೆ. ಬೆಂಗಳೂರಿನ ಆಫೀಸುಗಳಲ್ಲಿ ಕೂತು ಪೋರ್ಟ್‌ಫೋಲಿಯೋ ನೋಡೋ ನಮ್ಮಂಥವರಿಗೆ ಇದರ ಫಲಿತಾಂಶವೂ ಬಾಯಿಪಾಠ. ಕಪ್ಪು ಬ್ಯಾಕ್‌ಗ್ರೌಂಡ್. ನಿಯಾನ್ ಗುಲಾಬಿ. ನೆಟ್ಟಿನಿಂದ ಇಳಿಸಿದ, ಗಿಟಾರ್ ಹಿಡಿದ ಯಾವನೋ ಒಬ್ಬ. ಮೇಲೆ ಇಂಗ್ಲಿಷಿನಲ್ಲಿ ‘ಬೀಟ್ಸ್’ ಅಂತಲೋ ‘ವೈಬ್’ ಅಂತಲೋ ಹೆಸರು. ಪುಟ ತಿರುಗಿಸಿದರೆ ಲೋರೆಮ್ ಇಪ್ಸಮ್.

ಈ ಲೋರೆಮ್ ಇಪ್ಸಮ್ ಏನು ಗೊತ್ತಲ್ವಾ? ಕ್ರಿ.ಪೂ. 45ರಲ್ಲಿ ರೋಮಿನ ಸಿಸೆರೋ ಬರೆದ ಒಂದು ತತ್ತ್ವಶಾಸ್ತ್ರದ ಪುಸ್ತಕದಿಂದ ಪದಗಳನ್ನ ಕತ್ತರಿಸಿ, ಕಲಸಿ, ಅರ್ಥ ಸತ್ತುಹೋಗೋ ಹಾಗೆ ಮಾಡಿದ ಲ್ಯಾಟಿನ್ನು. ಯಾರೂ ಓದಬಾರದು ಅಂತಲೇ ಇರೋ ಬರಹ. ಹರಿಹರದಿಂದ ದಾವಣಗೆರೆಗೆ ದಿನಾ ಸುಮಾರು 14 ಕಿಲೋಮೀಟರ್ ಬಸ್ಸಿನಲ್ಲಿ ಬಂದು ಹೋಗೋ ಒಬ್ಬ ಹುಡುಗಿ, ಅಪ್ಪ ಕಟ್ಟಿದ ಫೀಸಿನಲ್ಲಿ, ಮೂರು ವಾರ ನಿದ್ದೆಗೆಟ್ಟು, ಯಾರೂ ಓದಬಾರದ ಲ್ಯಾಟಿನ್ನನ್ನ ಎರಡು ಕಾಲಂನಲ್ಲಿ ಜೋಡಿಸ್ತಾಳೆ. ‘ಎಕ್ಸಲೆಂಟ್’ ಅಂತ ಮಾರ್ಕ್ಸೂ ಬೀಳುತ್ತೆ. ಏನು ಕಲಿತೆಯಮ್ಮಾ ಅಂದ್ರೆ ‘ಫೋಟೋಶಾಪ್ ಕಲಿತೆ ಸರ್, ಇನ್‌ಡಿಸೈನ್ ಕಲಿತೆ ಸರ್’ ಅಂತಾಳೆ. ಅವಳ ಮಟ್ಟಿಗೆ ಅದು ನಿಜ. ತಕರಾರು ಇರೋದು ಅವಳ ಮೇಲಲ್ಲ, ಅಷ್ಟೇ ಸಾಕು ಅಂದುಕೊಂಡ ನಮ್ಮ ಮೇಲೆ.

ಈ ಥರದ ಪ್ರಾಜೆಕ್ಟಿನ ಪೂರ್ತಿ ರೂಪ ನೋಡಬೇಕಂದ್ರೆ ಬ್ರಿಟನ್ನಿಗೆ ಹೋಗಬೇಕು. ಅಲ್ಲಿನ ಓಸಿಆರ್ ಅನ್ನೋ ಪರೀಕ್ಷಾ ಮಂಡಳಿ, ನಮ್ಮ ಪಿಯುಸಿ ವಯಸ್ಸಿನ ಮಕ್ಕಳಿಗೆ ಮಾಧ್ಯಮ ಅಧ್ಯಯನದಲ್ಲಿ ಬಹಳ ವರ್ಷ ಇದೇ ಕೆಲಸ ಕೊಡ್ತಿತ್ತು. ಮೊದಲು ನಿಮ್ಮ ಕಾಲೇಜಿನದೇ ಒಂದು ಮ್ಯಾಗಜಿನ್ ಪುಟ, ಆಮೇಲೆ ಮ್ಯೂಸಿಕ್ ಮ್ಯಾಗಜಿನ್. ಷರತ್ತು ಏನಂದ್ರೆ ಫೋಟೋ ನೀವೇ ತೆಗೀಬೇಕು, ಬರಹ ನೀವೇ ಬರೀಬೇಕು. ಗೂಗಲ್ಲಿನಿಂದ ಗಿಟಾರ್ ಇಳಿಸೋ ಹಾಗಿಲ್ಲ, ಸಿಸೆರೋನ ಎಳೆದು ತರೋ ಹಾಗಿಲ್ಲ. ಮುಗಿದ ಮೇಲೆ ಏಳು ಪ್ರಶ್ನೆ. ಮ್ಯಾಗಜಿನ್‌ಗಳ ವಾಡಿಕೆಯನ್ನ ಎಲ್ಲಿ ಪಾಲಿಸಿದಿರಿ, ಎಲ್ಲಿ ಮುರಿದಿರಿ? ಸಮಾಜದ ಯಾವ ಗುಂಪನ್ನ ಹೇಗೆ ತೋರಿಸಿದಿರಿ? ಇದನ್ನ ಯಾವ ಥರದ ಸಂಸ್ಥೆ ಹಂಚಬಹುದು? ಓದುಗರು ಯಾರು? ಅವರನ್ನ ಹೇಗೆ ಸೆಳೆದಿರಿ? ತಂತ್ರಜ್ಞಾನದಲ್ಲಿ ಏನು ಕಲಿತಿರಿ? ಮೊದಲ ಕಾಲೇಜು ಪುಟಕ್ಕೂ ಇದಕ್ಕೂ ನಡುವೆ ಏನು ಬೆಳೆದಿರಿ?

ಗಮನಿಸಿ, ಏಳರಲ್ಲಿ ಸಾಫ್ಟ್‌ವೇರ್ ಒಂದು ಪ್ರಶ್ನೆ ಮಾತ್ರ. ನಾವು ಉಳಿಸಿಕೊಂಡಿರೋದು ಅದೊಂದನ್ನೇ. ಮಿಕ್ಕ ಆರನ್ನ ಸಿಲಬಸ್ಸಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಬಂದಿದ್ದೀವಿ.

‘ಅಯ್ಯೋ ಮ್ಯಾಗಜಿನ್ನೇ ಸತ್ತೋಗಿದೆಯಲ್ರೀ, ಇಷ್ಟು ರಂಪ ಯಾಕೆ?’ ಅನ್ನಬಹುದು ನೀವು. ಸತ್ತಿರೋದು ಹೌದು. ಅದೇ ಬ್ರಿಟನ್ನಿನ ಎನ್‌ಎಂಇ 2018ರಲ್ಲಿ ವಾರಪತ್ರಿಕೆಯ ಮುದ್ರಣ ನಿಲ್ಲಿಸಿತು, ‘ಕ್ಯೂ’ 2020ರಲ್ಲಿ ಬಾಗಿಲು ಹಾಕಿತು. ಆದರೆ ಇಲ್ಲಿ ಕಲೀಬೇಕಾದ ವಿದ್ಯೆ ಮ್ಯಾಗಜಿನ್ ಮಾರೋದಲ್ಲ. ‘ಇದು ಯಾರಿಗೆ?’ ಅನ್ನೋ ಪ್ರಶ್ನೆಯನ್ನ ಒಂದೊಂದು ಪುಟದಲ್ಲೂ ಕೇಳೋ ಅಭ್ಯಾಸ. ಆ್ಯಪ್ ಮಾಡಿ, ಬ್ಯಾಂಕಿನ ಫಾರ್ಮ್ ಮಾಡಿ, ಆಸ್ಪತ್ರೆಯ ಬೋರ್ಡ್ ಮಾಡಿ, ಪ್ರಶ್ನೆ ಅದೇ. ಆ ಅಭ್ಯಾಸ ಇಲ್ಲದೆ ಬೆಳೆದವರು ಮಾಡಿದ ಆ್ಯಪುಗಳಲ್ಲಿ ನಮ್ಮ ಅಮ್ಮಂದಿರು ದಿನಾ ದಾರಿ ತಪ್ತಿರೋದನ್ನ ನೋಡ್ತಾನೇ ಇದ್ದೀವಲ್ಲ.

ಸರಿ, ದಾವಣಗೆರೆಯಲ್ಲಿ ಕೂತು ಈ ಪ್ರಶ್ನೆ ಕೇಳಿದ್ರೆ ಏನಾಗುತ್ತೆ ನೋಡೋಣ.

ಮೊದಲನೇ ಸಮಸ್ಯೆ ಮುಖಪುಟ. ಯಾರನ್ನ ಹಾಕೋದು? ಊರಿನಲ್ಲಿ ಸಂಗೀತಕ್ಕೇನು ಬರವೇ? ಕಂಪನಿ ನಾಟಕದ ಊರು ಇದು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆಬಿಆರ್ ಡ್ರಾಮಾ ಕಂಪನಿ, ಅದರಲ್ಲಿ ಬೆಳೆದು 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ, ಎಲ್ಲಾ ಇಲ್ಲಿಯವರೇ. ಆ ನಾಟಕಗಳು ನಿಂತಿದ್ದೇ ಹಾರ್ಮೋನಿಯಂ, ತಬಲಾದ ಮೇಲೆ. ಧಾರವಾಡದ ಕಡೆಯ ಹಿಂದೂಸ್ತಾನಿ, ಮೈಸೂರಿನ ಕಡೆಯ ಕರ್ನಾಟಕ ಸಂಗೀತ, ಎರಡನ್ನೂ ಕೇಳೋ ನಡುನಾಡು ಇದು. ಗಣಪತಿ ಹಬ್ಬದ ಆರ್ಕೆಸ್ಟ್ರಾ, ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್, ಹಳ್ಳಿಯ ಭಜನೆ ಮೇಳ ಬೇರೆ.

ಇದನ್ನ ಓದಿ ‘ಓಹೋ, ಗಿಟಾರ್ ಬೇಡ, ಡೊಳ್ಳು ಹಾಕಿ ಅಂತಾನೆ’ ಅಂದ್ಕೋಬೇಡಿ. ದಾವಣಗೆರೆಯ ಹುಡುಗರು ರಾಕ್ ಬ್ಯಾಂಡ್ ಕಟ್ಟಿದ್ರೆ ಅವರದ್ದೇ ಗಿಟಾರ್ ಧಾರಾಳವಾಗಿ ಮುಖಪುಟಕ್ಕೆ ಬರಲಿ. ಆದರೆ ಅವರ ಮನೆಗೆ ಹೋಗಿ, ಕೇಳಿ, ಫೋಟೋ ತೆಗೆದು ತರಬೇಕು. ಅಷ್ಟು ಮಾಡಿದ್ರೆ ಯಾವ ಕ್ಲಾಸಿನಲ್ಲೂ ಹೇಳಿಕೊಡದ ನಾಲ್ಕು ವಿಷಯ ತಾನಾಗಿ ಗೊತ್ತಾಗುತ್ತೆ. ಫೋಟೋಗೆ ಒಪ್ಪಿಗೆ ಕೇಳಬೇಕು. ಹೆಸರಿನ ಕಾಗುಣಿತ ಅವರನ್ನೇ ಕೇಳಬೇಕು. ಹಾಡಿದವರ ಹೆಸರು ದೊಡ್ಡದಾಗಿ ಹಾಕಿ ತಬಲಾದವರ ಹೆಸರು ಬಿಟ್ರೆ ತಬಲಾದವರು ಇನ್ನೊಮ್ಮೆ ಮಾತಾಡಿಸಲ್ಲ. ಚಿತ್ರದಲ್ಲಿ ಅಂಚಿನಲ್ಲಿ ನಿಂತ ಹೆಣ್ಣುಮಗಳನ್ನ ಕ್ರಾಪ್ ಮಾಡೋದು ಬರೀ ಲೇಔಟ್ ವಿಷಯ ಅಲ್ಲ.

ಎರಡನೇ ಸಮಸ್ಯೆ ಅಕ್ಷರ. ಬರಹ ಕನ್ನಡದಲ್ಲಿ ಅಂದ ಕೂಡಲೇ ಟೆಂಪ್ಲೇಟು ಕೈಕೊಡುತ್ತೆ. ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಶೀರ್ಷಿಕೆ ಎದ್ದು ಕಾಣೋಕೆ ಕ್ಯಾಪಿಟಲ್ ಅಕ್ಷರ ಇದೆ, ಒತ್ತು ಕೊಡೋಕೆ ಇಟಾಲಿಕ್ ಇದೆ. ಕನ್ನಡಕ್ಕೆ ಕ್ಯಾಪಿಟಲ್ ಇಲ್ಲ, ಹುಟ್ಟಿನಿಂದ ಬಂದ ಇಟಾಲಿಕ್ಕೂ ಇಲ್ಲ. ದಪ್ಪ, ಗಾತ್ರ, ಬಣ್ಣ, ಖಾಲಿ ಜಾಗ, ಇಷ್ಟರಲ್ಲೇ ಸಂಸಾರ ತೂಗಿಸಬೇಕು. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ಇಲ್ಲಿ ಸಾಲಲ್ಲ. ‘ರಾಷ್ಟ್ರ’ ಅಂತ ಬರೆದ್ರೆ ಒತ್ತುಗಳು ಕೆಳಗಿಳಿಯುತ್ತವೆ, ಕೆಳಗಿನ ಸಾಲಿನ ಗುಡಿಸು, ಏತ್ವ ಮೇಲೇರಿ ಬರುತ್ತವೆ, ಎರಡೂ ಡಿಕ್ಕಿ. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದೇ ಇದ್ರೆ ಒತ್ತಕ್ಷರಗಳೇ ಬಿಚ್ಚಿಕೊಂಡು ನಿಲ್ಲುತ್ತವೆ. ಇದೆಲ್ಲಾ ದೊಡ್ಡ ವಿದ್ಯೆ ಅಲ್ಲ, ಒಂದು ಮಧ್ಯಾಹ್ನದ ಕೆಲಸ. ಬಾಲೂ ತಮ್ಮ, ಅನೇಕ್ ಕನ್ನಡದಂಥ ಒಳ್ಳೊಳ್ಳೆ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಆದರೆ ಒಂದು ಸಲವೂ ಕನ್ನಡದ ಪುಟ ಕಟ್ಟದೇ ಡಿಗ್ರಿ ಮುಗಿಸಿದವರಿಗೆ ಆ ಮಧ್ಯಾಹ್ನ ಬರೋದೇ ಇಲ್ಲ. ಆಮೇಲೆ ನಾವು ಮೆಟ್ರೋದಲ್ಲಿ ನಿಂತು, ಕನ್ನಡ ಜಾಹೀರಾತಿನಲ್ಲಿ ಒತ್ತಕ್ಷರ ಒಡೆದಿರೋ ಫೋಟೋ ತೆಗೆದು ಸ್ಟೇಟಸ್ ಹಾಕಿ ನಗ್ತೀವಿ.

ಮೂರನೇದನ್ನ ಸಮಸ್ಯೆ ಅನ್ನೋದಕ್ಕಿಂತ ಪಾಠ ಅನ್ನೋದು ಸರಿ. ನಮ್ಮ ಕಡೆ ಸಂಗೀತ ಅಂದ ಕೂಡಲೇ ನೆನಪಾಗೋದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010), ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ ಅದು. ದಾವಣಗೆರೆಯಲ್ಲೂ ಅದೇ ಹೆಸರಿನ ಆಶ್ರಮ ಇದೆ. ಅಂದ್ರೆ ಈ ಸೀಮೆಯಲ್ಲಿ ಸಂಗೀತದ ಮ್ಯಾಗಜಿನ್ ಮಾಡೋಕೆ ಹೊರಟವರು ಯಾರ ಬಗ್ಗೆ ಬರೀಬೇಕೋ, ಆ ಕಲಾವಿದರಲ್ಲಿ ಹಲವರು ಆ ಮ್ಯಾಗಜಿನ್ನನ್ನ ಕಣ್ಣಿನಿಂದ ನೋಡೋರೇ ಅಲ್ಲ.

ಈಗ ನಿಮ್ಮ ಕಪ್ಪು ಬ್ಯಾಕ್‌ಗ್ರೌಂಡು, ನಿಯಾನ್ ಗುಲಾಬಿ ತಗೊಂಡು ಏನ್ಮಾಡ್ತೀರಿ?

ದಾರಿ ಇದೆ. ಪಿಡಿಎಫ್‌ನಲ್ಲಿರೋ ಬರಹ ಯೂನಿಕೋಡ್ ಆಗಿದ್ರೆ, ಅದಕ್ಕೆ ಸರಿಯಾದ ಓದುವ ಕ್ರಮ ಕೊಟ್ಟಿದ್ರೆ, ಫೋನಿನ ಸ್ಕ್ರೀನ್ ರೀಡರ್ ಅದನ್ನ ಕನ್ನಡದಲ್ಲೇ ಓದಿ ಹೇಳುತ್ತೆ. ಅದೇ ಹಳೇ ನುಡಿ ಫಾಂಟಿನಲ್ಲಿ ಕೂರಿಸಿದ್ರೆ? ತೆರೆಯ ಮೇಲೆ ಕನ್ನಡ ಕಾಣುತ್ತೆ, ಆದರೆ ಯಂತ್ರದ ಪಾಲಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಆ ಕಸವನ್ನೇ ಓದುತ್ತೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಬಂದು ಎಷ್ಟೋ ವರ್ಷ ಆದ್ರೂ ಡಿಟಿಪಿ ಅಂಗಡಿಯಿಂದ ಕಾಲೇಜಿನವರೆಗೂ ಹಳೇ ಚಾಳಿ ಬಿಟ್ಟಿಲ್ಲ. ಇನ್ನು ಇಡೀ ಪುಟವನ್ನ ಜೆಪಿಜಿ ಮಾಡಿ ವಾಟ್ಸಾಪಿಗೆ ಬಿಟ್ರಂತೂ ಮುಗೀತು, ಅಲ್ಲಿ ಓದೋಕೆ ಅಕ್ಷರವೇ ಇಲ್ಲ. ಗವಾಯಿಗಳ ಮೇಲೆ ಭಕ್ತಿಯಿಂದ ನಾಲ್ಕು ಪುಟದ ಲೇಖನ ಡಿಸೈನ್ ಮಾಡಿ, ಅವರ ಶಿಷ್ಯರೇ ಅದನ್ನ ಕೇಳೋಕೆ ಆಗದ ಹಾಗೆ ಕಳಿಸೋದು! ಇದಕ್ಕಿಂತ ಅವಮಾನ ಇದೆಯಾ? ಕಣ್ಣಿಗೆ ಸುಂದರವಾಗಿದೆ ಅಂತ ಮಾರ್ಕ್ಸ್ ಕೊಟ್ಟವರು ಯಾರ ಕಣ್ಣಿಗೆ ಅಂತ ಕೇಳಲೇ ಇಲ್ಲ.

ನನ್ನ ಕೇಳಿದ್ರೆ, ಮ್ಯೂಸಿಕ್ ಮ್ಯಾಗಜಿನ್ ಪ್ರಾಜೆಕ್ಟಿನಿಂದ ದಾವಣಗೆರೆಯ ವಿದ್ಯಾರ್ಥಿ ಕಲೀಬೇಕಾದ ಎಲ್ಲಕ್ಕಿಂತ ದೊಡ್ಡ ಪಾಠ ಇದೇ. ಇದನ್ನ ಬೆಂಗಳೂರಿನ ದುಬಾರಿ ಡಿಸೈನ್ ಸ್ಕೂಲು ‘ಆ್ಯಕ್ಸೆಸಿಬಿಲಿಟಿ’ ಅಂತ ಬೇರೆ ಪೇಪರ್ ಮಾಡಿ ಕಲಿಸುತ್ತೆ. ಇಲ್ಲಿ ಅದು ಪಕ್ಕದ ಬೀದಿಯಲ್ಲೇ ಹಾಡ್ತಾ ಕೂತಿದೆ.

‘ಸಣ್ಣ ಊರಿನಲ್ಲಿ ಇದೆಲ್ಲಾ ಆಗೋದಲ್ಲ ಬಿಡಿ’ ಅನ್ನೋರಿಗೆ ಎರಡು ಉದಾಹರಣೆ. ಹಿಂದಿಯ ‘ಸಂಗೀತ್’ ಮಾಸಿಕ 1935ರಲ್ಲಿ ಶುರುವಾಗಿದ್ದು ದೆಹಲಿಯಲ್ಲೂ ಅಲ್ಲ, ಮುಂಬೈಯಲ್ಲೂ ಅಲ್ಲ. ಉತ್ತರಪ್ರದೇಶದ ಹಾಥರಸ್‌ನಲ್ಲಿ, ಅಲ್ಲಿನ ಹಾಸ್ಯಕವಿ ಕಾಕಾ ಹಾಥರಸಿ ಕೈಯಲ್ಲಿ. ಇಂಗಿಗೆ ಹೆಸರಾದ ಊರಿನಿಂದ ಆಗೋದು ಬೆಣ್ಣೆದೋಸೆಗೆ ಹೆಸರಾದ ಊರಿನಿಂದ ಯಾಕಾಗಲ್ಲ? ಇನ್ನೊಂದು ಹರಿಹರಕ್ಕೆ ಸಂಬಂಧಪಟ್ಟಿದ್ದು. ಹರಿಹರದವರಿಗೆ ಕಿರ್ಲೋಸ್ಕರ್ ಅಂದ್ರೆ ಲೇತ್ ಮೆಷೀನು, 1941ರಲ್ಲಿ ಶುರುವಾಗಿ ಈಗ ಮುಚ್ಚಿಹೋಗಿರೋ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ. ಅದೇ ಮನೆತನದ ಶಂಕರರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿತವರು. ಮಹಾರಾಷ್ಟ್ರದ ಕಿರ್ಲೋಸ್ಕರ್‌ವಾಡಿಯಲ್ಲಿ ನೇಗಿಲು ಮಾಡೋ ಕಾರ್ಖಾನೆಯ ಸುದ್ದಿಪತ್ರವಾಗಿ 1920ರಲ್ಲಿ ‘ಕಿರ್ಲೋಸ್ಕರ್ ಖಬರ್’ ಶುರುಮಾಡಿದ್ರು. ಅದು ಬೆಳೆದು ಮರಾಠಿಯ ಮನೆಮಾತಿನ ಮಾಸಿಕವಾಯ್ತು, ಹಿಂದೆಯೇ 1930ರಲ್ಲಿ ‘ಸ್ತ್ರೀ’ ಬಂತು. ಚಿತ್ರ ಬರೆಯೋನೊಬ್ಬ ತನ್ನ ಓದುಗರು ಯಾರು ಅಂತ ತಿಳ್ಕೊಂಡು ಕೂತಾಗ ಆಗೋದು ಇದು. ನಮ್ಮಲ್ಲಿ ಚಿತ್ರ ಬರೆಯೋರಿಲ್ಲವೇ? ಈಗ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿರೋ ದೃಶ್ಯಕಲಾ ಮಹಾವಿದ್ಯಾಲಯ ಊರಿನಲ್ಲಿ 1964ರಿಂದ ಇದೆ.

ಪ್ರಾಜೆಕ್ಟನ್ನ ಸರಿಮಾಡೋಕೆ ಹೊಸ ಲ್ಯಾಬ್ ಬೇಕಿಲ್ಲ, ಮೂರು ಷರತ್ತು ಸಾಕು. ಒಂದು, ಲೋರೆಮ್ ಇಪ್ಸಮ್ ಕಂಡ್ರೆ ಸೊನ್ನೆ. ಎರಡು, ಎಂಟು ಪುಟ ಮ್ಯಾಪ್ಲಿಥೋ ಕಾಗದದಲ್ಲಿ ಐವತ್ತು ಪ್ರತಿಯಾದ್ರೂ ಪ್ರಿಂಟ್ ಆಗಿ ಸೆಂಟರ್ ಪಿನ್ ಬೀಳಬೇಕು. ಸ್ಕ್ರೀನಿನಲ್ಲಿ ಮಿಂಚೋ ನಿಯಾನ್, ನಾಲ್ಕು ಬಣ್ಣದ ಶಾಯಿಯಲ್ಲಿ ಮಂಕಾಗಿ ಬಂದಾಗ ಆಗೋ ಜ್ಞಾನೋದಯ ಯಾವ ಯೂಟ್ಯೂಬ್ ವಿಡಿಯೋದಲ್ಲೂ ಸಿಗಲ್ಲ. ಮೂರು, ಹರಿಹರದ ಬಸ್ಸಿನಲ್ಲಿ ಪರಿಚಯ ಇಲ್ಲದ ಮೂವರಿಗೆ ಕೊಟ್ಟು, ಅವರು ಯಾವ ಪುಟದಲ್ಲಿ ನಿಂತರು, ಯಾವುದನ್ನ ಹಾರಿಸಿದರು ಅಂತ ಬರೆದು ತರಬೇಕು. ಜೊತೆಗೆ ಕಣ್ಣು ಕಾಣದ ಒಬ್ಬರಿಗೆ ಫೋನಿನಲ್ಲಿ ಕೇಳಿಸಬೇಕು. ಮಾರ್ಕ್ಸು ಆ ವರದಿಗೆ.

ಉಳಿದಿದ್ದು ನಮ್ಮ ನಿಮ್ಮ ಲೆಕ್ಕ. ‘ಕನ್ನಡದ ಕೆಲಸ ಪೋರ್ಟ್‌ಫೋಲಿಯೋದಲ್ಲಿ ಹಾಕಬೇಡ, ಬೆಂಗಳೂರಿನಲ್ಲಿ ನಡೆಯಲ್ಲ’ ಅಂತ ಮೇಷ್ಟ್ರು ಹೇಳ್ತಾರೆ, ಸೀನಿಯರ್ಸ್ ಹೇಳ್ತಾರೆ. ಅವರು ಸುಮ್ಮನೆ ಹೇಳ್ತಿಲ್ಲ. ನೋಡಿ ಹೇಳ್ತಿದ್ದಾರೆ, ಅವರು ನೋಡಿರೋದು ನಮ್ಮನ್ನ. ಇಂಟರ್‌ವ್ಯೂ ಮಾಡೋರು ನಾವು, ನಿಯಾನ್ ಮುಖಪುಟ ಕಂಡು ‘ನೈಸ್’ ಅನ್ನೋರು ನಾವು, ಕನ್ನಡದ ಪುಟ ಬಂದ್ರೆ ‘ನೆಕ್ಸ್ಟ್’ ಅನ್ನೋರೂ ನಾವೇ. ಸಿಲಬಸ್ ಬದಲಾಗೋಕೆ ಹತ್ತು ವರ್ಷ ಬೇಕು. ಇಂಟರ್‌ವ್ಯೂನ ಪ್ರಶ್ನೆ ಬದಲಾಗೋಕೆ ಮುಂದಿನ ಸೋಮವಾರ ಸಾಕು.

ಯಾವ ಸಾಫ್ಟ್‌ವೇರ್ ಬರುತ್ತೆ ಅಂತ ಕೇಳೋದನ್ನ ಒಂದು ಸಲ ಪಕ್ಕಕ್ಕಿಡಿ. ‘ಇದನ್ನ ಯಾರು ಓದಿದ್ರಮ್ಮಾ, ಏನಂದ್ರು?’ ಅಂತ ಕೇಳಿ. ಹೇಳೋಕೆ ಅವಳ ಹತ್ತಿರ ಏನಾದ್ರೂ ಇದ್ರೆ, ಕೆಲಸ ಕೊಡಿ. ಇನ್‌ಡಿಸೈನ್ ಎರಡು ವಾರದಲ್ಲಿ ಕಲಿಸಬಹುದು.