ಕೇಳದೆಯೇ ಬರೆದ 'ಪಾಪ್' ಶಬ್ದ

ಕಳೆದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಹತ್ತನೇ ಕ್ಲಾಸಿನ ಅವಳ ಮಗಳು ಗೆಳತಿ ಕಳಿಸಿದ ಫೋಟೊ ನೋಡಿಕೊಂಡು ವಿಜ್ಞಾನದ ರೆಕಾರ್ಡ್ ಬರೆಯುತ್ತಿದ್ದಳು. ಸತುವಿನ ಚೂರಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬರುವ ಅನಿಲಕ್ಕೆ ಉರಿಯುವ ಕಡ್ಡಿ ಹಿಡಿಯುವ ಪ್ರಯೋಗ. ಬರೆಯುತ್ತಾ ಬರೆಯುತ್ತಾ ತಲೆ ಎತ್ತಿದಳು.

"ಮಾಮ, ಪಾಪ್ ಸೌಂಡ್ ಅಂದ್ರೆ ಹೆಂಗಿರುತ್ತೆ? ಪಟಾಕಿ ಥರಾನಾ?"

"'ಪಾಪ್ ಶಬ್ದ ಕೇಳಿಸಿತು' ಅಂತ ನೀನೇ ಬರ್ದಿದೀಯಲ್ಲೇ!"

"ಎಲ್ಲರೂ ಬರ್ದಿದಾರೆ. ಕ್ಲಾಸಲ್ಲಿ ವಿಡಿಯೊ ತೋರಿಸಿದ್ರು, ಸ್ಪೀಕರ್ ಕೆಟ್ಟಿತ್ತು."

ನಗು ಬಂತು. ಜೊತೆಗೇ ನನ್ನ ಹಳೇ ರೆಕಾರ್ಡ್ ನೆನಪಾಯಿತು.

ನಮ್ಮ ಮೇಷ್ಟ್ರು ಮೇಜಿನ ಮೇಲೆ ನಾಲ್ಕು ಪ್ರನಾಳ ನಿಲ್ಲಿಸಿದ್ದರು. ನಾಲ್ಕಕ್ಕೂ ಒಂದೇ ಆಮ್ಲ. ಮೆಗ್ನೀಸಿಯಮ್ ಹಾಕಿದ ಕೂಡಲೇ ಸೋಡಾದಂತೆ ಬುಸುಗುಟ್ಟಿತು, ಪ್ರನಾಳ ಬಿಸಿಯಾಯಿತು. ಸತುವಿನಲ್ಲಿ ಗುಳ್ಳೆಗಳು ಸಮಾಧಾನವಾಗಿ ಎದ್ದವು. ಕಬ್ಬಿಣದ ಮೊಳೆಯಲ್ಲಿ ಇನ್ನೂ ನಿಧಾನ. ಕೊನೆಯದು ತಾಮ್ರದ ತಂತಿ. ನಾನು ಹಿಂದಿನ ಬೆಂಚಿನವನು, ಏನೂ ಕಾಣಲಿಲ್ಲ. ಆದರೂ 'ತಾಮ್ರ: ಅತಿ ನಿಧಾನವಾಗಿ ಗುಳ್ಳೆಗಳು ಬಂದವು' ಎಂದು ಬರೆದೆ. ಲೆಕ್ಕ ಹಾಗೇ ಇಳಿಯಬೇಕಲ್ಲ!

ಮೇಷ್ಟ್ರು ಕರೆದರು. "ಕಂಡ್ಯೇನೋ?"

"ಇಲ್ಲ ಸಾರ್."

"ಹಂಗಾದ್ರೆ ಏನೂ ಆಗಲಿಲ್ಲ ಅಂತ ಬರಿ. ಅದೂ ಉತ್ತರಾನೇ."

ಅದೇ ಉತ್ತರವಾಗಿತ್ತು. ಕ್ರಿಯಾಶೀಲತೆಯ ಪಟ್ಟಿಯಲ್ಲಿ ತಾಮ್ರ ಹೈಡ್ರೋಜನ್‌ಗಿಂತ ಕೆಳಗಿದೆ. ಆಮ್ಲದಿಂದ ಹೈಡ್ರೋಜನ್ನನ್ನು ಹೊರಗೆ ತಳ್ಳುವ ಶಕ್ತಿ ಅದಕ್ಕಿಲ್ಲ. ಇಂಥ ಒಂದು 'ಏನೂ ಆಗಲಿಲ್ಲ' ಇದ್ದರೇ ಪಟ್ಟಿ ಅರ್ಥವಾಗುವುದು.

ಪಾಠ ಕಲಿತೆ ಅಂತ ಹೇಳೋ ಹಾಗಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಒಮ್ಮೆ, ರಾತ್ರಿ ರಿಲೀಸ್ ಅವಸರದಲ್ಲಿ, ಓಡಿಸದ ಎರಡು ಟೆಸ್ಟ್‌ಗಳಿಗೆ 'ಪಾಸ್' ಅಂತ ಟಿಕ್ ಹಾಕಿದ್ದೆ. ಬೆಳಿಗ್ಗೆ ಮುರಿದು ಬಿದ್ದದ್ದು ಸರಿಯಾಗಿ ಅಲ್ಲೇ.

ಇದನ್ನೆಲ್ಲ ಹೇಳಿದರೆ ಅಕ್ಕನಿಗೆ ಸಿಟ್ಟು. "ನಿನ್ನ ಸತ್ಯ ನೀನಿಟ್ಕೋ. ಅವಳ ಇಂಟರ್ನಲ್ ಮಾರ್ಕ್ಸ್ ಯಾರು ಕೊಡ್ತಾರೆ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹುಡುಗಿಗೆ ಆಗಲೇ ಉತ್ಸಾಹ. "ಬಾತ್‌ರೂಮ್ ತೊಳೆಯೋ ಆಸಿಡ್ ಇದೆ ಮಾಮ, ಮಾಡೋಣ?" ಬೇಡವೇ ಬೇಡ ಅಂದೆ. ನೀವೂ ಮಾಡಬೇಡಿ. ಅದರ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಬ್ಲೀಚ್ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಹೊರಡುತ್ತದೆ. ಅದಕ್ಕೆ ಕನ್ನಡಕ, ತಿಳಿದವರು, ತೆರೆದ ಕಿಟಕಿ ಎಲ್ಲ ಇರುವ ಲ್ಯಾಬೇ ಸರಿ.

ಬದಲಿಗೆ ದೇವರ ಮನೆಯ ಕಪ್ಪಿಟ್ಟ ತಾಮ್ರದ ಚೊಂಬಿಗೆ ಹುಣಸೆಹಣ್ಣು ತಿಕ್ಕಿಸಿದೆ. ಗುಳ್ಳೆ ಇಲ್ಲ, ಸದ್ದಿಲ್ಲ, ಆದರೆ ಚೊಂಬು ಫಳಫಳ. ಹುಣಸೆಯ ಆಮ್ಲ ಕರಗಿಸಿದ್ದು ಮೇಲಿನ ಆಕ್ಸೈಡ್ ಪದರವನ್ನು, ಹೈಡ್ರೋಜನ್ ಮಾತ್ರ ಬರಲಿಲ್ಲ. ಹಾಗಂತ ತಾಮ್ರ ಹುಳಿಗೆ ಜಗ್ಗುವುದೇ ಇಲ್ಲ ಎಂದಲ್ಲ. ಹುಳಿ ಪದಾರ್ಥ ಇಟ್ಟರೆ ಗಾಳಿಯ ಆಕ್ಸಿಜನ್ ಜೊತೆ ಸೇರಿ ಸ್ವಲ್ಪಸ್ವಲ್ಪವೇ ಕರಗುತ್ತದೆ. ಅಜ್ಜಿಯಂದಿರು ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದದ್ದು ಅದಕ್ಕೇ.

ಅವಳು ರೆಕಾರ್ಡಿನ ಆ ಸಾಲು ಹೊಡೆದುಹಾಕಿ, 'ಇನ್ನೂ ನೋಡಿಲ್ಲ' ಎಂದು ಪೆನ್ಸಿಲಿನಲ್ಲಿ ಬರೆದಳು. ಸೋಮವಾರ ಟೀಚರ್‌ಗೆ ತೋರಿಸುತ್ತಾಳಂತೆ. ಬೈಸಿಕೊಳ್ಳುತ್ತಾಳೇನೋ ಎಂದು ನನಗೇ ಅಳುಕು.

ಗುರುವಾರ ಅಕ್ಕನ ಫೋನಿನಿಂದ ವಾಯ್ಸ್ ಮೆಸೇಜ್ ಬಂತು.

"ಮಾಮ, ಟೀಚರ್ ಬೀರು ತೆಗೆಸಿ ಮಾಡಿ ತೋರಿಸಿದ್ರು! ಪಟಾಕಿ ಥರ ಅಲ್ಲ, ನಾಯಿಮರಿ ಬೊಗಳಿದ ಥರ. ಆಮೇಲೆ ಪ್ರನಾಳದ ಬಾಯಿಗೆ ತೇವ ಕೂತಿತ್ತು. ಅದು ನೀರಂತೆ. ಹೈಡ್ರೋಜನ್‌ಗೆ ಜಲಜನಕ ಅಂತ ಹೆಸರಿಟ್ಟಿರೋದು ಅದಕ್ಕೇ ಅಂತೆ! ನಿಂಗೆ ಗೊತ್ತಿತ್ತಾ?"

ಹೆಸರು ಗೊತ್ತಿತ್ತು. ಆ ತೇವ ನಾನು ನೋಡಿಯೇ ಇರಲಿಲ್ಲ.