ತಂದೆ ಎಂಬ ಮಾತು

ಒಬ್ಬರ ನುಡಿ ಮತ್ತೊಬ್ಬರಿಗೆ ಸರಿಯಾಗಿ ಅರ್ಥವಾದರೆ ಮಾತ್ರ ಅವರಲ್ಲಿ ಸ್ನೇಹ ಬೆಳೆಯುತ್ತದೆ ಎಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಉತ್ತರ ಅಮೆರಿಕದ ಮಹಾಸರೋವರಗಳ ಸೀಮೆಯ ಇತಿಹಾಸವನ್ನು ಓದಿದವರು ಅದನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಹದಿನೇಳನೆಯ ಶತಮಾನದಲ್ಲಿ ಫ್ರೆಂಚರು ಬೀವರ್ ಎಂಬ ಪ್ರಾಣಿಯ ತುಪ್ಪಳದ ವ್ಯಾಪಾರಕ್ಕಾಗಿ ಕೆನಡಾದಲ್ಲಿ ನೆಲೆಯೂರಿದರು. 1636ರಲ್ಲಿ ಅಲ್ಲಿಗೆ ಗವರ್ನರನಾಗಿ ಬಂದ ಮಾಂಟ್‌ಮ್ಯಾಗ್ನಿಯ ಹೆಸರಿನಿಂದ ‘ದೊಡ್ಡ ಬೆಟ್ಟ’ ಎಂಬ ಅರ್ಥ ಹೊರಡುತ್ತದೆ. ಮೂಲನಿವಾಸಿಗಳು ಅದನ್ನು ತಮ್ಮ ನುಡಿಗೆ ತಿರುಗಿಸಿ ಆತನನ್ನು ‘ಒನೊಂಟಿಯೊ’ ಎಂದು ಕರೆದರು. ಆತನು ಹೋದ ಮೇಲೂ ಹೆಸರು ಉಳಿಯಿತು. ಮುಂದೆ ಬಂದ ಗವರ್ನರರೆಲ್ಲರೂ ಒನೊಂಟಿಯೊಗಳೇ ಆದರು! ಆ ಹೆಸರಿನೊಡನೆ ‘ತಂದೆ’ ಎಂಬ ಸಂಬೋಧನೆಯೂ ಸೇರಿಕೊಂಡಿತು.

ತೊಡಕು ಇರುವುದು ಇಲ್ಲಿಯೇ. ಫ್ರೆಂಚರಲ್ಲಿ ತಂದೆಯೆಂದರೆ ಆಜ್ಞಾಪಿಸುವವನು, ಮಕ್ಕಳು ತಲೆಬಾಗಬೇಕು. ಸರೋವರ ಸೀಮೆಯ ಆಲ್ಗಾಂಕ್ವಿಯನ್ ಜನರಲ್ಲಿ ತಂದೆಯೆಂದರೆ ಕೊಡುವವನು, ಕಾಯುವವನು, ಮಕ್ಕಳ ಜಗಳವನ್ನು ಬಿಡಿಸುವವನು. ಬಲವಂತಪಡಿಸುವ ಹಕ್ಕು ಅವನಿಗಿಲ್ಲ. ಒಂದೇ ಶಬ್ದವನ್ನು ಕೇಳಿ ಗವರ್ನರನು ತನಗೆ ವಿಧೇಯರಾದ ಮಕ್ಕಳು ದೊರೆತರೆಂದು ಹಿಗ್ಗಿದನು. ಅವರು ತಮಗೆ ಕೊಡುಗೈಯ ಹಿರಿಯನೊಬ್ಬನು ದೊರೆತನೆಂದು ಹಿಗ್ಗಿದರು.

ಆದರೆ ತಂದೆಯೆನಿಸಿಕೊಂಡವನು ಬರಿಗೈಯಲ್ಲಿ ಬರುವಂತಿರಲಿಲ್ಲ. ಬಟ್ಟೆ, ಲೋಹದ ಪಾತ್ರೆ, ಮದ್ದುಗುಂಡುಗಳನ್ನು ಉಡುಗೊರೆಯಾಗಿ ಕೊಡಲೇಬೇಕಾಯಿತು. ಮಕ್ಕಳೆನಿಸಿಕೊಂಡವರು ತುಪ್ಪಳವನ್ನು ತಂದರು, ಯುದ್ಧದಲ್ಲಿ ಫ್ರೆಂಚರ ಪಕ್ಕದಲ್ಲಿ ನಿಂತರು. 1701ರಲ್ಲಿ ಸುಮಾರು 40 ಬುಡಕಟ್ಟುಗಳ 1300ರಷ್ಟು ಪ್ರತಿನಿಧಿಗಳು ಮಾಂಟ್ರಿಯಲ್ ನಗರದಲ್ಲಿ ಸೇರಿ, ಬಹುಕಾಲದ ಹಗೆಯನ್ನು ಒನೊಂಟಿಯೊವಿನ ಸಮಕ್ಷಮದಲ್ಲಿ ಕೊನೆಗಾಣಿಸಿದರು. ಜಗಳ ಬಿಡಿಸುವ ತಂದೆಯ ಕೆಲಸವನ್ನು ಗವರ್ನರನು ಅಂದು ನಿಜವಾಗಿಯೂ ಮಾಡಿದನು.

ಅಮೆರಿಕದ ಇತಿಹಾಸಕಾರ ರಿಚರ್ಡ್ ವೈಟ್ ಅವರು 1991ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂತಹವನ್ನು ಸೃಜನಶೀಲ ತಪ್ಪುಗ್ರಹಿಕೆಗಳೆಂದು ಕರೆದಿದ್ದಾರೆ. ಇದನ್ನು ಕೇವಲ ಅದೃಷ್ಟವೆನ್ನಲಾಗದು. ಇನ್ನೊಬ್ಬರನ್ನು ಬಗ್ಗಿಸುವ ಬಲ ಆಗ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಆದುದರಿಂದ ಪ್ರತಿಯೊಬ್ಬರೂ ಎದುರಿನವರ ಅರ್ಥಕ್ಕೆ ತಕ್ಕಂತೆ ಸ್ವಲ್ಪವಾದರೂ ನಡೆದುಕೊಳ್ಳಬೇಕಾಯಿತು. ಅದರಲ್ಲಿ ಸ್ವಾರ್ಥವಿತ್ತು, ನಿಜ. ಸ್ವಾರ್ಥವಿಲ್ಲದ ಒಪ್ಪಂದಗಳು ಇತಿಹಾಸದಲ್ಲಿ ಎಷ್ಟಿವೆ?

1760ರಲ್ಲಿ ಫ್ರೆಂಚರು ಸೋತು ಬ್ರಿಟಿಷರು ಬಂದರು. ಅವರ ಸೇನಾಪತಿ ಆಮ್ಹರ್ಸ್ಟನಿಗೆ ಯಾವ ಗೊಂದಲವೂ ಇರಲಿಲ್ಲ. ಗೆದ್ದವರು ಸೋತವರಿಗೆ ಉಡುಗೊರೆ ಕೊಡುವುದೆಂದರೆ ಅವನ ಕಣ್ಣಿಗೆ ಅದು ಲಂಚ. ಅವನು ಅದನ್ನು ಮೊಟಕುಗೊಳಿಸಿದನು. 1763ರಲ್ಲಿ ಪಾಂಟಿಯಾಕ್ ಮೊದಲಾದ ನಾಯಕರ ಮುಂದಾಳುತನದಲ್ಲಿ ದಂಗೆಯೆದ್ದಿತು; ಬ್ರಿಟಿಷರ ಹಲವು ಕೋಟೆಗಳು ಕೆಲವೇ ವಾರಗಳಲ್ಲಿ ಬಿದ್ದವು. 1766ರಲ್ಲಿ ಪಾಂಟಿಯಾಕನೊಡನೆ ಸಂಧಿಯಾಗುವ ವೇಳೆಗೆ ಬ್ರಿಟಿಷರೂ ಉಡುಗೊರೆಯ ಮೂಟೆಯನ್ನು ಬಿಚ್ಚಿ, ‘ತಂದೆ’ ಎನಿಸಿಕೊಳ್ಳುವುದನ್ನು ಕಲಿಯತೊಡಗಿದ್ದರು.