ಪ್ರೋಟೀನ್ ಪೌಡರ್ ಕುಡಿದರೆ ತೂಕ ಇಳಿಯುತ್ತದೆಯೇ? ಫಾರ್ವರ್ಡ್ ಮಾಡುವ ಮೊದಲು ಇಷ್ಟು ತಿಳಿದಿರಲಿ

"ಬೆಳಗ್ಗೆ ಒಂದು ಲೋಟ ಶೇಕ್, ತಿಂಗಳಲ್ಲಿ ಐದು ಕಿಲೋ ಇಳಿಕೆ." "ನಮ್ಮ ಊಟದಲ್ಲಿ ಪ್ರೋಟೀನೇ ಇಲ್ಲ." "ಪೌಡರ್ ಕುಡಿದರೆ ಶುಗರ್, ಮಂಡಿನೋವು ಎಲ್ಲ ಮಾಯ." ಇಂಥ ಸಂದೇಶಗಳು ಪುತ್ತೂರು, ಸುಳ್ಯ, ಕಡಬ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹೊಸದಲ್ಲ. ಜೊತೆಗೆ 'ಮೊದಲು–ನಂತರ' ಎಂಬ ಎರಡು ಫೋಟೋ, ಕೆಳಗೆ ಒಂದು ಮೊಬೈಲ್ ನಂಬರ್. ಇವುಗಳಲ್ಲಿ ಎಲ್ಲವೂ ಸುಳ್ಳಲ್ಲ, ಎಲ್ಲವೂ ನಿಜವೂ ಅಲ್ಲ. ಯಾವುದು ಎಷ್ಟು ನಿಜ ಎಂದು ಒಂದೊಂದಾಗಿ ನೋಡೋಣ.

ನಮಗೆ ಎಷ್ಟು ಪ್ರೋಟೀನ್ ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಎನ್‌ಐಎನ್) ಲೆಕ್ಕದಂತೆ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಇದಕ್ಕಿಂತ ಹೆಚ್ಚು ಬೇಕು.

ಈ 50 ಗ್ರಾಂ ಅಡುಗೆಮನೆಯಿಂದಲೇ ಸಿಗುತ್ತದೆಯೇ? 2024ರ ಮೇ ತಿಂಗಳಲ್ಲಿ ಐಸಿಎಂಆರ್ ಮತ್ತು ಎನ್‌ಐಎನ್ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ಒಂದು ಮಾದರಿ ತಟ್ಟೆ ಇದೆ. ಅದರಲ್ಲಿ ತರಕಾರಿ, ಹಣ್ಣು, ಎಣ್ಣೆ ಬಿಟ್ಟು ಉಳಿದ ಪ್ರಮಾಣವನ್ನು ನಮ್ಮ ಕಡೆಯ ಊಟಕ್ಕೆ ಹೊಂದಿಸಿದರೆ ಲೆಕ್ಕ ಹೀಗಾಗುತ್ತದೆ:

• ಕುಚ್ಚಲಕ್ಕಿ 250 ಗ್ರಾಂ (ಬೇಯಿಸುವ ಮೊದಲಿನ ತೂಕ): ಸುಮಾರು 19 ಗ್ರಾಂ ಪ್ರೋಟೀನ್
• ಹೆಸರು, ಹುರುಳಿ, ಅಲಸಂಡೆ, ಕಡಲೆ ಹೀಗೆ ಯಾವುದಾದರೂ ಕಾಳು 85 ಗ್ರಾಂ: ಸುಮಾರು 19 ಗ್ರಾಂ
• ಹಾಲು ಅಥವಾ ಮೊಸರು 300 ಮಿ.ಲೀ.: ಸುಮಾರು 9 ಗ್ರಾಂ
• ನೆಲಗಡಲೆ 35 ಗ್ರಾಂ: ಸುಮಾರು 8 ಗ್ರಾಂ

ಒಟ್ಟು 55 ಗ್ರಾಂ. ಡಬ್ಬಿ ತೆರೆಯುವ ಅಗತ್ಯವೇ ಬರಲಿಲ್ಲ. ಮೊಟ್ಟೆ, ಮೀನು ತಿನ್ನುವವರು ಕಾಳಿನ ಒಂದು ಪಾಲಿನ ಬದಲು ಅದನ್ನು ತಿನ್ನಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್ ಇದೆ.

"ಕಾಳಿನ ಪ್ರೋಟೀನ್ ಪೂರ್ಣವಲ್ಲ" ಎಂಬುದು ಇನ್ನೊಂದು ಮಾತು. ಕಾಳು ಒಂದನ್ನೇ ತಿಂದರೆ ಇದು ನಿಜ. ಪ್ರೋಟೀನ್ ಆಗುವುದು ಅಮೈನೋ ಆಮ್ಲಗಳಿಂದ. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಅಕ್ಕಿ ಆ ಕೊರತೆ ತುಂಬುತ್ತದೆ. ಅನ್ನ ಮತ್ತು ಹುರುಳಿ ಸಾರು, ದೋಸೆ ಮತ್ತು ಕಡಲೆ ಗಸಿ ಒಂದಕ್ಕೊಂದು ಜೊತೆಯಾಗುವುದು ರುಚಿಗೆ ಮಾತ್ರವಲ್ಲ.

ಹಾಗಾದರೆ ಕೊರತೆ ಇಲ್ಲವೇ?

ಇದೆ. ಫಾರ್ವರ್ಡ್‌ಗಳಲ್ಲಿ ಅರ್ಧ ಸತ್ಯ ಇರುವುದು ಇಲ್ಲಿಯೇ. ಬೆಳಗ್ಗೆ ನೀರುದೋಸೆ ಮತ್ತು ಚಟ್ನಿ, ಮಧ್ಯಾಹ್ನ ತಟ್ಟೆ ತುಂಬ ಅನ್ನ ಮತ್ತು ತೆಳ್ಳಗಿನ ಸಾರು, ರಾತ್ರಿ ಗಂಜಿ ಮತ್ತು ಉಪ್ಪಿನಕಾಯಿ. ಇಷ್ಟೇ ಆದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಾಲದು. ತೆಂಗಿನಕಾಯಿ ಎಷ್ಟು ಹಾಕಿದರೂ ಅದರಿಂದ ಬರುವುದು ಹೆಚ್ಚಾಗಿ ಕೊಬ್ಬು. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವವರ ತಟ್ಟೆಗೆ ಕಾಳು, ಮೀನಿನ ತುಂಡು ಉಳಿಯದಿದ್ದರೆ ಕೊರತೆ ಇನ್ನೂ ಹೆಚ್ಚು. ವಯಸ್ಸಾದವರು ಹಲ್ಲು ನೋವು, ಅಜೀರ್ಣ ಎಂದು ಗಂಜಿಗೇ ನಿಂತರೂ ಹೀಗೇ ಆಗುತ್ತದೆ.

ಕೊರತೆ ನಿಜ. ಆದರೆ ಅದಕ್ಕೆ ಮದ್ದು ಸಾವಿರಾರು ರೂಪಾಯಿಯ ಡಬ್ಬಿಯೇ ಆಗಬೇಕೆಂದಿಲ್ಲ. ಒಂದು ಸೌಟು ಅನ್ನ ಕಡಿಮೆ ಮಾಡಿ ಒಂದು ಸೌಟು ಕಾಳು ಹೆಚ್ಚಿಸಿದರೆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ತೂಕ ಇಳಿಯುವುದು ಯಾವುದರಿಂದ?

ಪ್ರೋಟೀನ್ ಇರುವ ಆಹಾರ ತಿಂದರೆ ಹಸಿವು ಬೇಗ ಮರಳುವುದಿಲ್ಲ. ಅದನ್ನು ಜೀರ್ಣಿಸಲು ದೇಹ ಸ್ವಲ್ಪ ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ತೂಕ ಇಳಿಸುವಾಗ ಸ್ನಾಯು ಕರಗದಂತೆಯೂ ಅದು ನೆರವಾಗುತ್ತದೆ. ಇವೆಲ್ಲ ನಿಜ. ಆದರೆ ಈ ಗುಣ ಪ್ರೋಟೀನಿನದ್ದು, ಪೌಡರಿನದ್ದಲ್ಲ. ಮೊಟ್ಟೆಗೂ ಹೆಸರುಕಾಳಿಗೂ ಅದೇ ಗುಣವಿದೆ.

ಶೇಕ್ ಕುಡಿದವರ ತೂಕ ಇಳಿದದ್ದು ಹೇಗೆ ಹಾಗಾದರೆ? ಆ ಶೇಕ್ ಒಂದು ಹೊತ್ತಿನ ತಿಂಡಿಯ ಜಾಗದಲ್ಲಿ ಬಂದಿರುತ್ತದೆ. ನಾನೂರು–ಐನೂರು ಕ್ಯಾಲರಿಯ ತಿಂಡಿಯ ಬದಲು ಇನ್ನೂರು ಕ್ಯಾಲರಿಯ ಪಾನೀಯ ಕುಡಿದರೆ ಒಟ್ಟು ಆಹಾರ ಕಡಿಮೆಯಾಗುತ್ತದೆ. ಜೊತೆಗೆ ಸಕ್ಕರೆ ಚಹಾ, ಬೇಕರಿ ತಿಂಡಿ ಬಿಡಿಸಿ, ದಿನಾ ನಡೆಯಲು ಹೇಳಿರುತ್ತಾರೆ. ಮೊದಲ ವಾರದಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲೂ ಇರುತ್ತದೆ. ಹೆಸರು ಮಾತ್ರ ಪೌಡರಿಗೆ. ಅದನ್ನು ನಿಲ್ಲಿಸಿ ಹಳೆಯ ಊಟಕ್ಕೆ ಮರಳಿದರೆ ತೂಕವೂ ಮರಳುತ್ತದೆ. ಊಟದ ಜೊತೆಗೆ ಹೆಚ್ಚುವರಿಯಾಗಿ ಪೌಡರ್ ಕುಡಿದರೆ ತೂಕ ಏರಲೂಬಹುದು. ಪ್ರೋಟೀನಿನಲ್ಲೂ ಗ್ರಾಮಿಗೆ 4 ಕ್ಯಾಲರಿ ಇದೆ, ಅಕ್ಕಿಯ ಪಿಷ್ಟದಲ್ಲಿ ಇರುವಷ್ಟೇ.

ಜಿಮ್‌ಗೆ ಹೋಗುವವರಿಗೆ?

ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಹೆಚ್ಚು ಪ್ರೋಟೀನ್ ಉಪಯೋಗಕ್ಕೆ ಬರುತ್ತದೆ. 49 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಇಂಥವರಲ್ಲಿ ಪ್ರೋಟೀನಿನಿಂದ ಸ್ನಾಯು ಬೆಳವಣಿಗೆ ತುಸು ಹೆಚ್ಚುತ್ತದೆ, ಆದರೆ ದಿನಕ್ಕೆ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ ಎಂದು ತೋರಿಸಿತು. ಹಾಗಾಗಿ ವ್ಹೇ ಪೌಡರ್ ವಿಷವಲ್ಲ. ಹಾಲಿನಿಂದ ಬಂದ, ಬಳಸಲು ಸುಲಭವಾದ ಆಹಾರ ಅಷ್ಟೇ. ಹಾಲು ಒಗ್ಗದವರಿಗೆ ಹೊಟ್ಟೆಯುಬ್ಬರ ಬರಬಹುದು.

ಆದರೆ 2024ರ ಮಾರ್ಗಸೂಚಿ ಸಾಮಾನ್ಯ ಜನರಿಗೆ, ಮೈಕಟ್ಟು ಬೆಳೆಸಲು ಪ್ರೋಟೀನ್ ಸಪ್ಲಿಮೆಂಟ್ ಬೇಡ ಎಂದೇ ಹೇಳಿದೆ. ಈ ಪೌಡರ್‌ಗಳಲ್ಲಿ ಸಕ್ಕರೆ, ಕೃತಕ ಸಿಹಿ, ಪರಿಮಳ ಬೆರೆತಿರಬಹುದು ಎಂದೂ ಎಚ್ಚರಿಸಿದೆ.

ಡಬ್ಬಿಯೊಳಗೆ ಇರುವುದೇನು?

ಕೇರಳದ ವೈದ್ಯರೂ ಸೇರಿದ್ದ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಸುಮಾರು ಶೇ. 70ರಷ್ಟರಲ್ಲಿ ಪ್ರೋಟೀನ್ ಪ್ರಮಾಣದ ಮಾಹಿತಿ ಸರಿಯಿರಲಿಲ್ಲ. ಕೆಲವದರಲ್ಲಿ ಲೇಬಲ್ ಹೇಳಿದ್ದರ ಅರ್ಧದಷ್ಟೇ ಇತ್ತು. ಸುಮಾರು ಶೇ. 14ರಲ್ಲಿ ಶಿಲೀಂಧ್ರದಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ, ಶೇ. 8ರಲ್ಲಿ ಕೀಟನಾಶಕದ ಅಂಶ ಪತ್ತೆಯಾದವು. ಪರೀಕ್ಷಿಸಿದ್ದು 36 ಮಾತ್ರ, ಎಲ್ಲ ಪೌಡರ್‌ಗಳೂ ಹೀಗೇ ಎಂದು ಹೇಳಲಾಗದು. ಆದರೆ ಲೇಬಲ್ಲನ್ನು ಕಣ್ಣುಮುಚ್ಚಿ ನಂಬಲಾಗದು ಎಂಬುದಕ್ಕೆ ಇಷ್ಟು ಸಾಕು.

ಯಾರು ಎಚ್ಚರವಾಗಿರಬೇಕು?

ಪ್ರೋಟೀನ್ ಕರಗಿದಾಗ ಉಂಟಾಗುವ ಯೂರಿಯಾವನ್ನು ಹೊರಹಾಕುವುದು ಮೂತ್ರಪಿಂಡ. ಕಿಡ್ನಿ ಕಾಯಿಲೆ ಇದ್ದು ಡಯಾಲಿಸಿಸ್ ಹಂತಕ್ಕೆ ಬಾರದವರಿಗೆ ಪ್ರೋಟೀನ್ ಮಿತಗೊಳಿಸಲು ವೈದ್ಯರು ಹೇಳುತ್ತಾರೆ. ಡಯಾಲಿಸಿಸ್ ಶುರುವಾದವರಿಗೆ ತದ್ವಿರುದ್ಧವಾಗಿ ಹೆಚ್ಚು ಬೇಕಾಗುತ್ತದೆ. ಒಂದೇ ಕಾಯಿಲೆ, ಎರಡು ಬೇರೆ ಸಲಹೆ. ಇದನ್ನು ಪೌಡರ್ ಮಾರುವವರು ನಿರ್ಧರಿಸಲಾಗದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಲ್ಲಿ ಕಿಡ್ನಿ ತೊಂದರೆ ವರ್ಷಗಟ್ಟಲೆ ಲಕ್ಷಣ ತೋರದೆ ಇರಬಹುದು. ಅವರು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಎಲ್ಲಕ್ಕಿಂತ ಅಪಾಯದ ಮಾತು "ಇದು ಕುಡಿದರೆ ಮಾತ್ರೆ ಬೇಡ" ಎಂಬುದು. ನಮ್ಮ ಆಹಾರ ಸುರಕ್ಷತಾ ಕಾನೂನಿನ ಪ್ರಕಾರ ಹೆಲ್ತ್ ಸಪ್ಲಿಮೆಂಟ್ ಔಷಧವಲ್ಲ, ಕಾಯಿಲೆ ಗುಣಪಡಿಸುತ್ತದೆ ಎಂದು ಹೇಳಿ ಅದನ್ನು ಮಾರುವಂತಿಲ್ಲ. ಔಷಧ ಬಳಕೆಗಲ್ಲ ಎಂಬ ಸೂಚನೆ ಡಬ್ಬಿಯ ಮೇಲೆಯೇ ಇರಬೇಕು. ಶುಗರ್, ಬಿಪಿ ಮಾತ್ರೆಯನ್ನು ಯಾರದೋ ಮಾತು ಕೇಳಿ ನಿಲ್ಲಿಸಬೇಡಿ.

ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ, ಊಟ ಸೇರದ ಹಿರಿಯರಿಗೆ ವೈದ್ಯರೇ ಪೌಡರ್ ಬರೆದುಕೊಡುವುದುಂಟು. ಅಂಥವರು ಈ ಲೇಖನ ಓದಿ ಅದನ್ನು ಬಿಡಬಾರದು.

ಕೊನೆಯದಾಗಿ

ಪೌಡರ್ ಕೊಳ್ಳಲೇಬೇಕೆಂದಿದ್ದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಸೇರಿಸಿದ ಸಕ್ಕರೆ, ಅವಧಿ ಮುಗಿಯುವ ದಿನಾಂಕ ನೋಡಿ, ಬಿಲ್ ಪಡೆಯಿರಿ. ಡಬ್ಬಿಯಿಂದ ಬಿಡಿಯಾಗಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಡಿ. ಒಂದು ತಿಂಗಳ ಪೌಡರಿನ ದುಡ್ಡಿಗೆ ಮನೆಮಂದಿಗೆಲ್ಲ ಎಷ್ಟು ಕಾಳು, ಮೊಟ್ಟೆ, ಹಾಲು ಬರುತ್ತದೆ ಎಂದೂ ಒಮ್ಮೆ ಲೆಕ್ಕ ಹಾಕಿ. ಮುಂದಿನ ಬಾರಿ 'ಮೊದಲು–ನಂತರ' ಫೋಟೋ ಬಂದರೆ, ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಶೇಕ್ ಜೊತೆಗೆ ಅವರು ಇನ್ನೇನೇನು ಬಿಟ್ಟಿದ್ದರು?